ಕೇರಿ ಊರಿನ ಕೇಸರಬಾಯಿ

ಸುವರ್ಣ ಮಹೋತ್ಸವದ ಸಂಚಿಕೆಗೆ ದೊಡ್ಡವರೊಬ್ಬರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಗುರುಗಳು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗ ಯಾರಾದರೂ ವಿಜ್ಞಾನಿಯ ಬಗ್ಗೆ ಬರೆದಾನು ಎಂದು ಅವರು ಎಣಿಸಿರಬೇಕು. ನಾನು ಆರಿಸಿಕೊಂಡದ್ದು ಒಬ್ಬ ಗಾಯಕಿಯನ್ನು. ಆದರೆ ಅವರ ಹೆಸರು ನನಗೆ ಮೊದಲು ಸಿಕ್ಕಿದ್ದು ಬಾಹ್ಯಾಕಾಶ ನೌಕೆಯೊಂದರ ಬಗ್ಗೆ ಓದುವಾಗ.

ಅಮೆರಿಕದ ನಾಸಾ ಸಂಸ್ಥೆ 1977ರಲ್ಲಿ ವಾಯೇಜರ್ ಎಂಬ ಎರಡು ನೌಕೆಗಳನ್ನು ಹಾರಿಸಿತು. ಎರಡರಲ್ಲೂ ಬಂಗಾರದ ಲೇಪ ಕೊಟ್ಟ ತಾಮ್ರದ ಒಂದೊಂದು ಧ್ವನಿಮುದ್ರಿಕೆ ಇದೆ. ಜಗತ್ತಿನ ನಾನಾ ದೇಶಗಳ ಸಂಗೀತ ಅದರಲ್ಲಿದೆ. ಭಾರತದ್ದೆಂದು ಸೇರಿರುವುದು ಒಂದೇ ಒಂದು ಹಾಡು, ಭೈರವಿ ರಾಗದ ಮೂರೂವರೆ ನಿಮಿಷದ ಹಾಡು. ಹಾಡಿದವರು ಕೇಸರಬಾಯಿ ಕೇರ್ಕರ್.

ಇವರು ಯಾರು ಎಂದು ಹುಡುಕುತ್ತಾ ಹೋದೆ. ಕೊಲ್ಲಾಪುರ, ಮೀರಜ, ಸಾಂಗಲಿ, ಧಾರವಾಡ ಎಂದು ನಮಗೆ ಗೊತ್ತಿರುವ ಊರುಗಳೇ ಮತ್ತೆ ಮತ್ತೆ ಬಂದವು. ನಮ್ಮ ಜುಗೂಳದಿಂದ ಕೃಷ್ಣಾ ಹೊಳೆ ದಾಟಿದರೆ ಖಿದ್ರಾಪುರ, ಅಲ್ಲಿಂದಲೇ ಕೊಲ್ಲಾಪುರ ಜಿಲ್ಲೆ. ದವಾಖಾನೆಗೆ, ಸಂತೆಗೆ, ರೈಲಿಗೆ ನಾವು ಮೀರಜಕ್ಕೆ ಹೋಗುತ್ತೇವೆ. ಆದರೆ ನೂರು ವರ್ಷದ ಹಿಂದೆ ಇದೇ ಸೀಮೆ ಹಿಂದುಸ್ತಾನಿ ಸಂಗೀತದ ದೊಡ್ಡ ಪಾಠಶಾಲೆಯಾಗಿತ್ತು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಆದ್ದರಿಂದ ಕೇಸರಬಾಯಿಯವರ ಕಥೆ ನಮಗೆ ದೂರದ್ದಲ್ಲ.

ಪೋರ್ತುಗೀಜರ ಗೋವೆಯಲ್ಲಿ

ಕೇಸರಬಾಯಿ ಹುಟ್ಟಿದ್ದು 1892ರ ಜುಲೈ 13ರಂದು, ಗೋವೆಯ ಫೋಂಡಾ ತಾಲೂಕಿನ ಕೇರಿ ಎಂಬ ಹಳ್ಳಿಯಲ್ಲಿ. ನಮ್ಮ ಕಡೆ ಕೇರಿ ಎಂದರೆ ಓಣಿ. ಅಲ್ಲಿ ಅದು ಊರಿನ ಹೆಸರು. ಕೇರಿಯವರಾದ್ದರಿಂದ ಕೇರ್ಕರ್ ಎಂದಾಯಿತು. ಮನೆಮಾತು ಕೊಂಕಣಿ.

ಆಗ ಗೋವೆ ಭಾರತದೊಳಗೆ ಇರಲಿಲ್ಲ, ಬ್ರಿಟಿಷರ ಕೈಯಲ್ಲೂ ಇರಲಿಲ್ಲ. ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಗೋವೆಯನ್ನು ಪೋರ್ತುಗೀಜರು 1510ರಲ್ಲಿ ಗೆದ್ದುಕೊಂಡರು. 1961ರ ಡಿಸೆಂಬರ್ 19ರವರೆಗೆ, ಅಂದರೆ 451 ವರ್ಷ, ಅದು ಅವರದ್ದೇ ಆಗಿತ್ತು. ಕಚೇರಿಯ ಭಾಷೆ ಪೋರ್ತುಗೀಜ, ಕಾನೂನು ಬರುತ್ತಿದ್ದುದು ಲಿಸ್ಬನ್ನಿನಿಂದ. ಕೇಸರಬಾಯಿಯವರಿಗೆ 69 ವರ್ಷ ತುಂಬುವವರೆಗೂ ಅವರ ಹುಟ್ಟೂರು ಪರದೇಶದ ನೆಲವಾಗಿಯೇ ಇತ್ತು. ಬೆಳಗಾವಿಯಿಂದ ಅಷ್ಟು ಹತ್ತಿರವಿದ್ದರೂ ನಡುವೆ ಗಡಿ ಇತ್ತು, ಚೌಕಿ ಇತ್ತು.

ಪೋರ್ತುಗೀಜರು ಮೊದಲು ಹಿಡಿದ ಭಾಗಗಳಲ್ಲಿ ಹದಿನಾರನೆಯ ಶತಮಾನದಲ್ಲಿ ದೇವಸ್ಥಾನಗಳನ್ನು ಕೆಡವಿಸಿದರು. ಆಗ ಜನ ತಮ್ಮ ದೇವರನ್ನು ಹೊತ್ತುಕೊಂಡು ಹೊಳೆ ದಾಟಿ ಫೋಂಡಾ ಸೀಮೆಗೆ ಬಂದರು, ಏಕೆಂದರೆ ಆ ಸೀಮೆ ಆಗ ಪೋರ್ತುಗೀಜರಿಗೆ ಸೇರಿರಲಿಲ್ಲ. ಮಂಗೇಶ ದೇವರು ಹೀಗೆಯೇ ಅಲ್ಲಿಗೆ ಬಂದದ್ದು. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಫೋಂಡಾ ಕೂಡ ಅವರ ಕೈಸೇರಿತು, ಆದರೆ ಅಷ್ಟರಲ್ಲಿ ಗುಡಿ ಕೆಡವುವ ಕಾಲ ಮುಗಿದಿತ್ತು. ಹೀಗಾಗಿ ಫೋಂಡಾ ತುಂಬ ಗುಡಿಗಳು ಉಳಿದವು. ಗುಡಿಗಳ ಜೊತೆಗೆ ಅವುಗಳ ಹಾಡು, ಕುಣಿತ, ವಾದ್ಯ, ಅದನ್ನೇ ನಂಬಿಕೊಂಡ ಮನೆತನಗಳೂ ಉಳಿದವು.

ಆ ಮನೆತನಗಳ ಹೆಣ್ಣುಮಕ್ಕಳನ್ನು ಗೋವೆಯಲ್ಲಿ ಕಲಾವಂತರು ಎನ್ನುತ್ತಿದ್ದರು. ಅವರು ದೇವರ ಮುಂದೆ ಹಾಡಬೇಕು, ಹಬ್ಬದಲ್ಲಿ, ಪಲ್ಲಕ್ಕಿ ಸೇವೆಯಲ್ಲಿ ಹಾಡಬೇಕು. ಆದರೆ ಎಲ್ಲರಂತೆ ಮದುವೆಯಾಗಿ ಸಂಸಾರ ಮಾಡುವ ಹಕ್ಕು ಅವರಿಗಿರಲಿಲ್ಲ. ಹಾಡು ಕೇಳಲು ಊರೇ ಸೇರುತ್ತಿತ್ತು, ಹಾಡಿದವಳನ್ನು ಮನೆಯೊಳಗೆ ಕರೆಯಲು ಯಾರೂ ಮುಂದಾಗುತ್ತಿರಲಿಲ್ಲ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ನಿಲ್ಲಿಸಲು ನಮ್ಮ ರಾಜ್ಯದಲ್ಲಿ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಕೇಸರಬಾಯಿ ಹುಟ್ಟಿದ್ದು ಅಂಥದ್ದೇ ಒಂದು ಮನೆತನದಲ್ಲಿ, ಆ ಕಾಯ್ದೆಗಿಂತ 90 ವರ್ಷ ಮೊದಲು. ಅವರ ಮುಂದಿನ ಬದುಕನ್ನು ತಿಳಿದುಕೊಳ್ಳಲು ಈ ಮಾತು ನೆನಪಿರಬೇಕು.

ಗುರುವಿನಿಂದ ಗುರುವಿಗೆ

ಹಾಡಿನಿಂದಲೇ ಹೊಟ್ಟೆ ಹೊರೆಯಬೇಕಾದವರಿಗೆ ಗೋವೆಯಲ್ಲಿ ದೊಡ್ಡ ಆಸರೆ ಇರಲಿಲ್ಲ. ಆಸರೆ ಇದ್ದದ್ದು ಘಟ್ಟದ ಮೇಲಿನ ಸಂಸ್ಥಾನಗಳಲ್ಲಿ, ನಾಟಕ ಕಂಪನಿಗಳಲ್ಲಿ ಮತ್ತು ಹತ್ತಿಯ ವ್ಯಾಪಾರದಿಂದ ಶ್ರೀಮಂತವಾಗಿದ್ದ ಮುಂಬಯಿಯಲ್ಲಿ. ಆದ್ದರಿಂದ ಗೋವೆಯ ಕಲಾವಿದರು ಒಬ್ಬೊಬ್ಬರಾಗಿ ಊರು ಬಿಟ್ಟರು. ಮಂಗೇಶಿಯ ದೀನಾನಾಥ ಮಂಗೇಶ್ಕರ್ ನಾಟಕ ಕಂಪನಿ ಕಟ್ಟಿಕೊಂಡು ಸಾಂಗಲಿಯಲ್ಲಿ ನೆಲೆಸಿದರು. ಅವರ ಮಗಳು ಲತಾ ಚಿಕ್ಕಂದಿನಲ್ಲಿ ಬೆಳೆದದ್ದು ಆ ಸಾಂಗಲಿಯಲ್ಲೇ. ಕುರ್ಡಿ ಎಂಬ ಹಳ್ಳಿಯ ಮೋಗುಬಾಯಿಯೂ ನಾಟಕದ ಜೊತೆಗೇ ಸಾಂಗಲಿಗೆ ಬಂದರು.

ಕೇಸರಬಾಯಿಯವರ ಮನೆಯವರು ಮಗಳಿಗೆ ಎಂಟು ವರ್ಷವಾದಾಗ ಕೊಲ್ಲಾಪುರಕ್ಕೆ ಬಂದರು. ಅಲ್ಲಿ ಆ ಹುಡುಗಿ ಅಬ್ದುಲ್ ಕರೀಂ ಖಾನರ ಬಳಿ ಪಾಠಕ್ಕೆ ಕೂತಳು. ಇವರೇ ಮುಂದೆ ಮೀರಜದಲ್ಲಿ ನೆಲೆಸಿದ ಕಿರಾಣಾ ಘರಾಣೆಯ ಮಹಾನ್ ಗಾಯಕರು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು, ಆ ಮೂಲಕ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರ ಗುರುವಿನ ಗುರುಗಳು. ಮೀರಜದ ಖ್ವಾಜಾ ಮೀರಾಸಾಹೇಬ ದರ್ಗಾದಲ್ಲಿ ಅವರ ಸಮಾಧಿ ಇದೆ. ಇಂದಿಗೂ ಅವರ ನೆನಪಿಗೆ ವರ್ಷಕ್ಕೊಮ್ಮೆ ದೊಡ್ಡ ದೊಡ್ಡ ಕಲಾವಿದರು ಅಲ್ಲಿ ಬಂದು ಹಾಡುತ್ತಾರೆ.

ಇಂಥ ಗುರು ಸಿಕ್ಕರೂ ಆ ಪಾಠ ನಡೆದದ್ದು ಸುಮಾರು ಎಂಟು ತಿಂಗಳು ಮಾತ್ರ. ಮನೆಯವರು ಗೋವೆಗೆ ಹಿಂದಿರುಗಿದರು, ಪಾಠ ನಿಂತಿತು. ಮುಂದೆ ರಾಮಕೃಷ್ಣಬುವಾ ವಝೆಯವರು ಗೋವೆಯ ಲಾಮಗಾವಿಗೆ ಬಂದುಹೋಗುವಾಗಲೆಲ್ಲ ಅವರಲ್ಲಿ ಕಲಿತರು. ಗುರುಗಳು ಬಂದರೆ ಪಾಠ, ಹೋದರೆ ಇಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಕೇಸರಬಾಯಿ ಮುಂಬಯಿಗೆ ಬಂದರು. ಅಲ್ಲಿ ಹೆಸರಾಂತ ಸಿತಾರ ವಾದಕ ಬರ್ಕತುಲ್ಲಾ ಖಾನರ ಬಳಿ ಬಿಟ್ಟು ಬಿಟ್ಟು ಕೆಲವು ವರ್ಷ ಕಲಿತರು. ಸ್ವಲ್ಪ ಕಾಲ ಭಾಸ್ಕರಬುವಾ ಬಖಲೆಯವರಿಂದಲೂ ಪಾಠವಾಯಿತು. ಬಖಲೆಯವರು ಹಿಂದೆ ನಮ್ಮ ಧಾರವಾಡದಲ್ಲಿ ಸಂಗೀತ ಕಲಿಸಿದವರು, ಬಾಲಗಂಧರ್ವರ ಗುರುಗಳು. ಅವರ ಬಳಿಯೂ ಪಾಠ ಬಹಳ ದಿನ ನಡೆಯಲಿಲ್ಲ.

ಎಂಟನೆಯ ವಯಸ್ಸಿನಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷ ಹೀಗೆ ಕಳೆಯಿತು. ಒಬ್ಬರಿಗಿಂತ ಒಬ್ಬರು ದೊಡ್ಡ ಗುರುಗಳು, ಆದರೆ ಒಂದು ಕಡೆ ನಿಂತು ಬೇರಿಳಿಸುವಷ್ಟು ಸಮಯ ಎಲ್ಲೂ ಸಿಗಲಿಲ್ಲ. ಒಬ್ಬರದು ಕಿರಾಣಾ ರೀತಿ, ಇನ್ನೊಬ್ಬರದು ಗ್ವಾಲಿಯರ್ ರೀತಿ, ಮತ್ತೊಬ್ಬರದು ಸಿತಾರ. ಆ ಕಾಲಕ್ಕೆ ಪುಸ್ತಕದಿಂದ ಕಲಿಯುವ ವಿದ್ಯೆ ಅದಾಗಿರಲಿಲ್ಲ. ಗುರುವಿನ ಎದುರು ಕೂತು, ಕೇಳಿ, ತಿರುಗಿ ಹಾಡಿ ಕಲಿಯಬೇಕಿತ್ತು. ಗುರು ಊರು ಬಿಟ್ಟರೆ ಶಾಲೆಯೇ ಮುಚ್ಚಿದಂತೆ.

ಇಪ್ಪತ್ತೈದು ವರ್ಷದ ಶಿಷ್ಯೆ

ಕೇಸರಬಾಯಿಯವರಿಗೆ ನಿಜವಾದ ಗುರು ಸಿಕ್ಕಿದ್ದು 1921ರಲ್ಲಿ. ಆಗ ಅವರಿಗೆ ಮೂವತ್ತರ ಹತ್ತಿರ ವಯಸ್ಸು. ಆ ಗುರು ಉಸ್ತಾದ್ ಅಲ್ಲಾದಿಯಾ ಖಾನರು.

ಅಲ್ಲಾದಿಯಾ ಖಾನರು 1855ರಲ್ಲಿ ರಾಜಸ್ಥಾನದ ಕಡೆ ಹುಟ್ಟಿದವರು. ಕೊಲ್ಲಾಪುರದ ಶಾಹೂ ಮಹಾರಾಜರ ಆಸ್ಥಾನದಲ್ಲಿ ಬಹಳ ವರ್ಷ ಗಾಯಕರಾಗಿದ್ದರು. ವಯಸ್ಸಿನಲ್ಲಿದ್ದಾಗ ಅತಿಯಾಗಿ ಹಾಡಿ ಅವರ ಗಂಟಲು ಕೆಟ್ಟುಹೋಯಿತು, ಮೊದಲಿನ ದನಿ ತಿರುಗಿ ಬರಲಿಲ್ಲ. ಹಾಡನ್ನು ಬಿಡುವ ಬದಲು, ಉಳಿದ ದನಿಗೆ ಹೊಂದುವಂತೆ ಹಾಡುವ ಕ್ರಮವನ್ನೇ ಅವರು ಹೊಸದಾಗಿ ಕಟ್ಟಿಕೊಂಡರು. ಅದೇ ಇಂದು ಜೈಪುರ ಅತ್ರೌಳಿ ಘರಾಣೆ ಎಂದು ಹೆಸರಾದದ್ದು. ಒಮ್ಮೆ ಅವರು ಚಿಕಿತ್ಸೆಗೆಂದು ಸಾಂಗಲಿಯಲ್ಲಿ ಇದ್ದಾಗ ಮೋಗುಬಾಯಿಯ ದನಿ ಕೇಳಿ ಅವರಿಗೆ ಪಾಠ ಹೇಳಲು ತೊಡಗಿದರು. ಅದೇ ಉಸ್ತಾದರು ಮುಂಬಯಿಯಲ್ಲಿ ಕೇಸರಬಾಯಿಯವರಿಗೂ ಗುರುಗಳಾದರು. ಕುರ್ಡಿ ಮತ್ತು ಕೇರಿ, ಗೋವೆಯ ಎರಡು ಸಣ್ಣ ಹಳ್ಳಿಗಳ ಇಬ್ಬರು ಹೆಣ್ಣುಮಕ್ಕಳು ಒಬ್ಬರೇ ಗುರುವಿನಿಂದ ದೇಶದ ದೊಡ್ಡ ಗಾಯಕಿಯರಾದರು.

ಈ ಘರಾಣೆಯ ಹಾಡುಗಾರಿಕೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಅಲ್ಲಿ ಮಾತು ಕಡಿಮೆ. ಆಕಾರ, ಅಂದರೆ ಬಾಯಿ ತೆರೆದು ಹಾಡುವ ಆ ಎಂಬ ಸ್ವರವೇ ಎಲ್ಲ. ಲಯ ಅವಸರದ್ದಲ್ಲ. ಒಂದೇ ಉಸಿರಿನಲ್ಲಿ ಉದ್ದನೆಯ ಸಾಲು ಎಳೆಯಬೇಕು, ಸುತ್ತಿ ಸುತ್ತಿ ಮೇಲೇರಬೇಕು, ಉಸಿರು ಎಲ್ಲಿ ತೆಗೆದುಕೊಂಡರೆಂದು ಕೇಳುವವರಿಗೆ ಗೊತ್ತಾಗಬಾರದು, ಕೊನೆಗೆ ತಾಳದ ಸರಿಯಾದ ಪೆಟ್ಟಿಗೆ ಬಂದು ಇಳಿಯಬೇಕು. ಇದರ ಮೇಲೆ, ಬೇರೆಯವರು ಹಾಡಲು ಹಿಂಜರಿಯುವ ಜೋಡು ರಾಗಗಳು. ಎರಡು ರಾಗ ಸೇರಿ ಒಂದಾದ ದಾರಿಯಲ್ಲಿ ಒಂದು ಸ್ವರ ಆಚೀಚೆಯಾದರೂ ರಾಗವೇ ಕೆಟ್ಟುಹೋಗುತ್ತದೆ.

ಅದಾಗಲೇ ಮುಂಬಯಿಯಲ್ಲಿ ಹಾಡುತ್ತಿದ್ದ ಕೇಸರಬಾಯಿ ಇದನ್ನು ಕಲಿಯಲು ಕೂತರು. ಹನ್ನೊಂದು ವರ್ಷ ಕಠಿಣವಾದ ಪಾಠ ಮತ್ತು ರಿಯಾಜು ನಡೆಯಿತು. 1930ರ ಸುಮಾರಿಗೆ ಅವರ ಹೊಸ ಗಾಯನ ದೊಡ್ಡ ಬೈಠಕ್‌ಗಳಲ್ಲಿ ಕೇಳತೊಡಗಿತು. ಹೆಸರು ಬಂದ ಮೇಲೂ ಅವರು ಪಾಠ ಬಿಡಲಿಲ್ಲ. 1946ರಲ್ಲಿ ಉಸ್ತಾದರು ತೀರಿಕೊಳ್ಳುವವರೆಗೂ, ಗುರುಗಳ ಆರೋಗ್ಯ ಕೆಟ್ಟಿದ್ದರೂ, ಅವರಿಂದ ಕಲಿಯುತ್ತಲೇ ಇದ್ದರು. ಆ ಹೊತ್ತಿಗೆ ಶಿಷ್ಯೆಗೆ 53 ವರ್ಷ, ದೇಶದಲ್ಲೆಲ್ಲ ಹೆಸರು. ಇಪ್ಪತ್ತೈದು ವರ್ಷ ಒಬ್ಬರೇ ಗುರುವಿನ ಮುಂದೆ ವಿದ್ಯಾರ್ಥಿಯಾಗಿ ಕೂತವರು ಅವರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಆರು ತಿಂಗಳಿಗೊಂದು ಹೊಸದನ್ನು ಕಲಿತು ಹಳೆಯದನ್ನು ಮರೆಯುವುದು ರೂಢಿ. ಅದಕ್ಕೇ ಈ ಲೆಕ್ಕ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಡಿಗೆ ಬೆಲೆ, ಹಾಡಿದವಳಿಗೆ ಮಾನ

ರವೀಂದ್ರನಾಥ ಠಾಕೂರರು ಅವರ ಹಾಡು ಕೇಳಿ ಮೆಚ್ಚಿಕೊಂಡಿದ್ದರು. 1948ರಲ್ಲಿ ಕಲಕತ್ತೆಯ ಸಂಗೀತಪ್ರೇಮಿಗಳ ಸಂಸ್ಥೆಯೊಂದು ಸುರಶ್ರೀ ಎಂಬ ಬಿರುದು ಕೊಟ್ಟಿತು. ಅಂದಿನಿಂದ ಅದು ಅವರ ಹೆಸರಿನ ಭಾಗವೇ ಆಯಿತು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತು. 1969ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿತು, ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ರಾಜ್ಯಗಾಯಿಕೆ ಎಂದು ಗೌರವಿಸಿತು.

ಕೇಸರಬಾಯಿ ಬಹಳ ಬಿಗಿ ಸ್ವಭಾವದವರು ಎಂದು ಹೇಳುತ್ತಾರೆ. ಅವರ ಸಂಭಾವನೆ ದೊಡ್ಡದು, ಅದರಲ್ಲಿ ರಿಯಾಯಿತಿ ಇಲ್ಲ. ಮೈಕು ಅವರಿಗೆ ಹಿಡಿಸುತ್ತಿರಲಿಲ್ಲ. ಇದನ್ನು ಸೊಕ್ಕು ಎಂದವರೂ ಇದ್ದರು. ಆದರೆ ಅವರು ಹುಟ್ಟಿದ ಮನೆತನವನ್ನು ನೆನಪಿಡಬೇಕು. ತಲೆತಲಾಂತರದಿಂದ ಹಾಡನ್ನು ಹೊಗಳಿ ಹಾಡಿದವಳನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದ ಸಮಾಜದಲ್ಲಿ, ಮೊದಲು ನನಗೆ ಮರ್ಯಾದೆ, ಆಮೇಲೆ ಹಾಡು ಎಂದು ನಿಂತ ಹೆಣ್ಣುಮಗಳು ಅವರು. ನಮ್ಮ ಜಿಲ್ಲೆಯಲ್ಲೇ ಕೌಜಲಗಿ ನಿಂಗಮ್ಮನವರು ಶ್ರೀಕೃಷ್ಣ ಪಾರಿಜಾತ ಆಡಿ ಊರೂರು ಕುಣಿಸಿದವರು. ಬಯಲಾಟದ ಹೆಣ್ಣೆಂದು ಆಡಿಕೊಂಡವರ ಮುಂದೆಯೇ ತಲೆ ಎತ್ತಿ ನಿಲ್ಲಲು ಎಷ್ಟು ಗಟ್ಟಿತನ ಬೇಕು ಎಂದು ಇಂಥವರನ್ನು ನೋಡಿದ ಹಿರಿಯರು ಬಲ್ಲರು.

ಕೇಸರಬಾಯಿ ತಮ್ಮ ಮಗಳನ್ನು ಹಾಡಿಗೆ ಕೂರಿಸಲಿಲ್ಲ, ಓದಿಸಿ ಡಾಕ್ಟರ್ ಮಾಡಿದರು. ತಾಯಿಯಿಂದ ಮಗಳಿಗೆ ಬರುತ್ತಿದ್ದ ವೃತ್ತಿ ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು. ಅದು ಅವರೇ ತೆಗೆದುಕೊಂಡ ತೀರ್ಮಾನ.

ಬಿಗಿಯಾಗಿ ಕಾಯ್ದ ವಿದ್ಯೆ

ಇಲ್ಲಿಯೇ ಅವರ ಬದುಕಿನ ಕಷ್ಟದ ಪ್ರಶ್ನೆ ಬರುತ್ತದೆ. ಅಷ್ಟು ಕಷ್ಟದಿಂದ ಪಡೆದ ವಿದ್ಯೆಯನ್ನು ಕೇಸರಬಾಯಿ ಸುಲಭವಾಗಿ ಯಾರಿಗೂ ಕೊಡಲಿಲ್ಲ. ಆಕಾಶವಾಣಿಯಲ್ಲಿ ಹಾಡುವುದನ್ನು ಬಿಟ್ಟುಬಿಟ್ಟರು. ಮೂರು ಮೂರೂವರೆ ನಿಮಿಷದ ಹಳೆಯ ತಟ್ಟೆಗಳು ಕೆಲವು ಇವೆ, ಬೈಠಕ್‌ಗಳ ಒಂದಷ್ಟು ಧ್ವನಿಮುದ್ರಣ ಉಳಿದಿದೆ. ಮೂರು ದಶಕಕ್ಕೂ ಹೆಚ್ಚು ಕಾಲ ಹಾಡಿದವರ ಪಾಲಿಗೆ ಅದು ಬಹಳ ಕಡಿಮೆ. 1963–64ರ ಹೊತ್ತಿಗೆ ಸಭೆಗಳಲ್ಲಿ ಹಾಡುವುದನ್ನೂ ನಿಲ್ಲಿಸಿದರು.

ಶಿಷ್ಯೆಯೆಂದು ಒಪ್ಪಿಕೊಂಡದ್ದು ಕೊಲ್ಲಾಪುರದ ಧೋಂಡೂತಾಯಿ ಕುಲಕರ್ಣಿ ಒಬ್ಬರನ್ನೇ. ಅವರು ಮೊದಲು ಅಲ್ಲಾದಿಯಾ ಖಾನರ ಮಗ ಬುರ್ಜಿ ಖಾನರಲ್ಲಿ ಕಲಿತಿದ್ದರು. ಆಮೇಲೆ 1962ರಿಂದ ಸುಮಾರು ಒಂಬತ್ತು ವರ್ಷ ಕೇಸರಬಾಯಿಯವರಲ್ಲಿ ಕಲಿತರು. ಈ ಒಬ್ಬರು ಇರದಿದ್ದರೆ ಆ ಗಾಯನದ ಕ್ರಮ ನೇರವಾಗಿ ಪಡೆದವರೇ ಇಲ್ಲವಾಗುತ್ತಿದ್ದರು.

ಅದೇ ಉಸ್ತಾದರ ವಿದ್ಯೆ ಬೇರೆ ಕವಲುಗಳಲ್ಲಿ ಹೇಗೆ ಹರಿಯಿತು ನೋಡಿ. ಅವರ ಇನ್ನೊಬ್ಬ ಮಗ ಮಂಜಿ ಖಾನರಲ್ಲಿ, ಅವರು 1937ರಲ್ಲಿ ತೀರಿಕೊಂಡ ಮೇಲೆ ಬುರ್ಜಿ ಖಾನರಲ್ಲಿ, ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತರು. ಅದಕ್ಕೂ ಮೊದಲು ಅವರು ಕಲಿತದ್ದು ಮೀರಜದ ನೀಲಕಂಠಬುವಾ ಅವರಲ್ಲಿ. ಮನ್ಸೂರರು ರೇಡಿಯೋದಲ್ಲಿ ಹಾಡಿದರು, ಮಗನಿಗೆ ಕಲಿಸಿದರು, ತಮ್ಮ ಬದುಕಿನ ಕಥೆಯನ್ನು ಕನ್ನಡದಲ್ಲಿ ಬರೆದಿಟ್ಟರು. ಮೋಗುಬಾಯಿ ಹಲವರಿಗೆ ಕಲಿಸಿದರು, ಅವರ ಮಗಳು ಕಿಶೋರಿ ಅಮೋಣಕರ್ ತಾಯಿಯಷ್ಟೇ ದೊಡ್ಡ ಹೆಸರು ಪಡೆದರು. ಹಂಚಿದ ಕವಲುಗಳಲ್ಲಿ ನೀರು ಇಂದಿಗೂ ಹರಿಯುತ್ತಿದೆ.

ಹಾಗಾದರೆ ಕೇಸರಬಾಯಿ ಮಾಡಿದ್ದು ತಪ್ಪೇ? ನಾನು ಹಾಗೆನ್ನಲಾರೆ. ಹೊಲವಿಲ್ಲ, ಪಿಂಚಣಿಯಿಲ್ಲ, ಗಂಡನ ಮನೆಯ ಹೆಸರಿಲ್ಲ. ಆ ಹೆಣ್ಣುಮಕ್ಕಳಿಗೆ ಇದ್ದ ಆಸ್ತಿ ಗಂಟಲೊಂದೇ. ಒಕ್ಕಲಿಗ ಬೀಜದ ಜೋಳವನ್ನು ಹಗೇವಿನಲ್ಲಿ ಮುಚ್ಚಿಟ್ಟು ಕಾಯುವಂತೆ ಅವರು ಅದನ್ನು ಕಾಯ್ದರು. ಬೇಕಾಬಿಟ್ಟಿ ಹಾಡಿ ಹಗುರ ಮಾಡಬಾರದು ಎಂಬ ಶಿಸ್ತು ಅವರದು. ಆ ಶಿಸ್ತಿನಿಂದಲೇ ಉಳಿದಿರುವ ಕೆಲವೇ ತಟ್ಟೆಗಳಲ್ಲೂ ಒಂದು ಸ್ವರ ಸಡಿಲಾಗಿಲ್ಲ. ಆದರೆ ಬಿತ್ತಿದ ಬೀಜ ಮಾತ್ರ ಬೆಳೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಅವರ ಜೊತೆಗೇ ಹೋದ ಹಾಡನ್ನು ಇಂದು ಯಾವ ಯಂತ್ರವೂ ತಂದುಕೊಡಲಾರದು. ಈ ಎರಡು ಮಾತನ್ನೂ ಒಟ್ಟಿಗೇ ಹೇಳದಿದ್ದರೆ ಅವರ ಕಥೆ ಪೂರ್ತಿಯಾಗುವುದಿಲ್ಲ.

ಬಂಗಾರದ ತಟ್ಟೆ

ವಾಯೇಜರ್ ನೌಕೆಯಲ್ಲಿ ಇಡುವ ಸಂಗೀತವನ್ನು ಆರಿಸಲು ವಿಜ್ಞಾನಿ ಕಾರ್ಲ್ ಸೇಗನ್ ಅವರ ಮುಂದಾಳತ್ವದಲ್ಲಿ ಒಂದು ಸಮಿತಿ ಇತ್ತು. ಜಗತ್ತಿನ ಸಂಗೀತವನ್ನೆಲ್ಲ ಅಭ್ಯಾಸ ಮಾಡಿದ್ದ ರಾಬರ್ಟ್ ಬ್ರೌನ್ ಎಂಬ ವಿದ್ವಾಂಸರು ಭಾರತದಿಂದ ಕೇಸರಬಾಯಿಯವರ ಭೈರವಿಯೇ ಆಗಬೇಕೆಂದು ಸೂಚಿಸಿದರು. ಆದರೆ ಆ ತಟ್ಟೆ ಎಲ್ಲೂ ಸಿಗುತ್ತಿರಲಿಲ್ಲ, ಅಷ್ಟು ಹಳೆಯದು. ಕೊನೆಗೆ ನ್ಯೂಯಾರ್ಕಿನಲ್ಲಿ ಭಾರತೀಯರ ಅಂಗಡಿಯೊಂದರಲ್ಲಿ, ಮೇಜಿನ ಕೆಳಗಿದ್ದ ಡಬ್ಬಿಯಲ್ಲಿ ಅದು ಸಿಕ್ಕಿತು.

ಬೈಠಕ್ ಮುಗಿಯುವಾಗ ಭೈರವಿ ಹಾಡುವುದು ಪದ್ಧತಿ. ನಮ್ಮ ಭಜನೆಯ ಕೊನೆಗೆ ಮಂಗಳಾರತಿ ಹಾಡಿದ ಹಾಗೆ. ಒಂಟಿಯಾಗಿ ಹೊರಟ ಹೆಣ್ಣನ್ನು ಕುರಿತ ಹಾಡು ಅದು. ವಾಯೇಜರ್ 2 ಆಗಸ್ಟ್ 20ರಂದು, ವಾಯೇಜರ್ 1 ಸೆಪ್ಟೆಂಬರ್ 5ರಂದು ಹೊರಟವು. ಸೆಪ್ಟೆಂಬರ್ 16ರಂದು, ಅಂದರೆ ಹನ್ನೊಂದು ದಿನಕ್ಕೆ, ಕೇಸರಬಾಯಿ ತೀರಿಕೊಂಡರು.

ಆ ತಟ್ಟೆಯಲ್ಲಿ ಸಂಗೀತದ ಜೊತೆಗೆ 55 ಭಾಷೆಗಳಲ್ಲಿ ಶುಭಾಶಯಗಳಿವೆ. ಪೋರ್ತುಗೀಜ ಇದೆ, ಮರಾಠಿ ಇದೆ, ಹಿಂದಿ ಇದೆ. ಕನ್ನಡವೂ ಇದೆ. ಕನ್ನಡಿಗರ ಪರವಾಗಿ ಹೇಳಿದ ಎರಡು ಮಾತು ನಕ್ಷತ್ರಗಳ ಕಡೆಗೆ ಹೋಗುತ್ತಿದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಲಿ. ಕೇಸರಬಾಯಿಯವರ ಮನೆಮಾತಾದ ಕೊಂಕಣಿ ಆ ಪಟ್ಟಿಯಲ್ಲಿ ಇಲ್ಲ. ಆದರೆ ಕೊಂಕಣಿ ಮನೆಯ ಆ ದನಿ ಇದೆ.

2012ರ ಆಗಸ್ಟಿನಲ್ಲಿ ವಾಯೇಜರ್ 1 ಸೂರ್ಯನ ಗಾಳಿ ಬೀಸುವ ವಲಯವನ್ನೂ ದಾಟಿತು. ಮನುಷ್ಯ ಮಾಡಿದ ವಸ್ತುಗಳಲ್ಲಿ ಇಷ್ಟು ದೂರ ಹೋದದ್ದು ಬೇರೆ ಇಲ್ಲ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅಲ್ಲಿಂದ ಸಂದೇಶ ಭೂಮಿಗೆ ಬರಲು 22 ಗಂಟೆಗೂ ಹೆಚ್ಚು ಬೇಕು.

ನನ್ನ ಕೆಲಸಕ್ಕೆ ಸೇರಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ನೌಕೆಯ ಕಂಪ್ಯೂಟರುಗಳ ಒಟ್ಟು ನೆನಪಿನ ಶಕ್ತಿ 70 ಕಿಲೋಬೈಟ್‌ಗೂ ಕಡಿಮೆ. ನಮ್ಮ ಮೊಬೈಲಿನ ಒಂದು ಫೋಟೋಗೂ ಅಷ್ಟು ಸಾಲದು. 2023ರ ನವೆಂಬರಿನಲ್ಲಿ ಅದರಿಂದ ಅರ್ಥವಿಲ್ಲದ ಸಂಕೇತಗಳು ಬರತೊಡಗಿದವು. ಒಂದು ಚಿಪ್ ಕೆಟ್ಟಿತ್ತು. ಎಂಜಿನಿಯರುಗಳು ದಶಕಗಳ ಹಿಂದೆ ಬೇರೆಯವರು ಬರೆದಿಟ್ಟ ಕಾಗದಪತ್ರಗಳನ್ನು ಹುಡುಕಿ ತೆಗೆದು ಓದಿದರು. ಕೆಟ್ಟ ಜಾಗದಲ್ಲಿದ್ದ ಪ್ರೋಗ್ರಾಮನ್ನು ತುಂಡು ತುಂಡು ಮಾಡಿ ಬೇರೆ ಜಾಗಗಳಿಗೆ ಹಂಚಿದರು. 2024ರ ಏಪ್ರಿಲಿನಲ್ಲಿ ನೌಕೆ ಮತ್ತೆ ಸರಿಯಾಗಿ ಮಾತಾಡಿತು. ಹಿಂದಿನವರು ಬರೆದಿಡದೆ ಹೋಗಿದ್ದರೆ ಇಂದಿನವರ ಜಾಣತನ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಕೇಸರಬಾಯಿಯವರ ಹಾಡನ್ನು ಹೊತ್ತ ನೌಕೆ ಉಳಿದುಕೊಂಡದ್ದೂ ಹಂಚಿಟ್ಟ ವಿದ್ಯೆಯಿಂದಲೇ.

ಕೇರಿಯ ಹೈಸ್ಕೂಲು, ನಮ್ಮ ಹೈಸ್ಕೂಲು

ಗೋವೆಯಲ್ಲಿ ಅವರ ಹೆಸರಿನಲ್ಲಿ ಸಂಗೀತ ಸಮಾರೋಹ ನಡೆಯುತ್ತದೆ, ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅವರ ಹೆಸರಿನ ಸಂಗೀತ ವಿದ್ಯಾರ್ಥಿವೇತನ ಇದೆ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಕೇರಿ ಊರಿನಲ್ಲಿ ಅವರ ಎರಡನೆಯ ಮನೆ ಇದ್ದ ಜಾಗದಲ್ಲಿ ಈಗ ಒಂದು ಹೈಸ್ಕೂಲು ಇದೆ. ಅದರ ಹೆಸರು ಸುರಶ್ರೀ ಕೇಸರಬಾಯಿ ಕೇರ್ಕರ್ ಹೈಸ್ಕೂಲು. ಅವರು ಹುಟ್ಟಿದ ಮನೆ ಅಲ್ಲಿಂದ ಒಂದು ಕಿಲೋಮೀಟರಿನೊಳಗೆ ಇಂದಿಗೂ ನಿಂತಿದೆ. ಬದುಕಿದ್ದಾಗ ಒಬ್ಬರನ್ನೇ ಶಿಷ್ಯೆಯೆಂದು ಒಪ್ಪಿಕೊಂಡವರ ಅಂಗಳದಲ್ಲಿ ಈಗ ಊರಿನ ಮಕ್ಕಳೆಲ್ಲ ಕಲಿಯುತ್ತಾರೆ.

ಕೇಸರಬಾಯಿಗೆ ಸರಿಯಾದ ಗುರು ಸಿಗಲು ಇಪ್ಪತ್ತು ವರ್ಷ ಊರಿಂದೂರಿಗೆ ಅಲೆಯಬೇಕಾಯಿತು. ನಮಗೆ ಗುರುಗಳು ಜುಗೂಳಕ್ಕೇ ಬಂದರು. ಬೇರೆ ಬೇರೆ ಜಿಲ್ಲೆಗಳಿಂದ ಬಂದು, ಇಲ್ಲಿ ಬಾಡಿಗೆ ಮನೆ ಹಿಡಿದು, ಹೊಳೆ ಏರಿದಾಗ ನಮ್ಮ ಜೊತೆಗೇ ಪಾಡುಪಟ್ಟು, ಜಾತಿ ಕೇಳದೆ, ಮನೆತನ ಕೇಳದೆ, ಹುಡುಗ ಹುಡುಗಿ ಎಂದು ಬೇಧ ಮಾಡದೆ ಕಲಿಸಿದರು. ಐವತ್ತು ವರ್ಷದಿಂದ ಊರಿಗೆ ಹೈಸ್ಕೂಲು ಇರುವುದು ಎಷ್ಟು ದೊಡ್ಡ ಸಂಗತಿ ಎಂದು ಈ ಗಾಯಕಿಯ ಕಥೆ ಓದಿದ ಮೇಲೆಯೇ ನನಗೆ ಪೂರ್ತಿ ತಿಳಿದದ್ದು.

ಕೊನೆಗೆ ನನ್ನ ಜೊತೆ ಓದಿದವರಲ್ಲಿ, ಈಗ ಓದುತ್ತಿರುವ ಮಕ್ಕಳಲ್ಲಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ. ಭಜನೆಯ ಹಳೆಯ ಧಾಟಿ ಬಲ್ಲ ಅಜ್ಜಂದಿರು ಇದ್ದಾರೆ. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಯಿತು, ಪದ ಮಾತ್ರ ಅವರ ಗಂಟಲಲ್ಲಿ ಉಳಿದಿದೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅವರ ಮುಂದೆ ಕೂತು, ಅವರ ಒಪ್ಪಿಗೆ ಕೇಳಿ, ಹಾಡಿಸಿ ಮುದ್ರಿಸಿಕೊಳ್ಳಿ. ಯಾರು ಹಾಡಿದ್ದು, ಯಾರಿಂದ ಕಲಿತದ್ದು, ಯಾವ ಹೊತ್ತಿಗೆ ಹಾಡುವುದು ಎಂದು ಬರೆದಿಡಿ. ಶಾಲೆಯ ಗ್ರಂಥಾಲಯದಲ್ಲಿ ಅದನ್ನೆಲ್ಲ ಕ್ರಮವಾಗಿ ಜೋಡಿಸಿಡುವ ಕಂಪ್ಯೂಟರ್ ಕೆಲಸ ನನ್ನದು. ಈ ದೀಪಾವಳಿ ರಜೆಗೆ ಊರಿಗೆ ಬರುತ್ತೇನೆ. ಮೊದಲ ಪದಕ್ಕೆ ನಮ್ಮ ಅಜ್ಜಿ ಒಪ್ಪಿಕೊಂಡಿದ್ದಾಳೆ.